ಯಾರೂ ಗೊಬ್ಬರ ಹಾಕದ ಕಾಡಿಗೆ ಗೊಬ್ಬರ ಬರುವುದು ಎಲ್ಲಿಂದ?

ನೆದರ್‌ಲ್ಯಾಂಡ್ಸ್ ದೇಶದ ನಡುಭಾಗದಲ್ಲಿ ವೆಲುವೆ ಅನ್ನುವ ದೊಡ್ಡ ಕಾಡುಪ್ರದೇಶವಿದೆ. ಮರಳು ನೆಲ, ಪೈನ್ ಮತ್ತು ಓಕ್ ಮರಗಳು, ನಡುನಡುವೆ ನೇರಳೆ ಹೂ ಬಿಡುವ ಕುರುಚಲು ಬಯಲು. ಅಲ್ಲಿ ಚೇಕಡಿ ಹಕ್ಕಿಗಳ ಗೂಡುಗಳನ್ನು ನೋಡುತ್ತಿದ್ದ ಸಂಶೋಧಕರಿಗೆ ಒಂದು ವಿಚಿತ್ರ ಕಂಡಿತು. ಇನ್ನೂ ಗೂಡಿನಿಂದ ಹೊರಗೇ ಬರದ ಮರಿಗಳ ಕಾಲು ಮುರಿದಿತ್ತು.

ಬಿದ್ದು ಮುರಿದದ್ದಲ್ಲ. ಮೂಳೆಯಲ್ಲಿ ಸುಣ್ಣದ ಅಂಶ ಸಾಲದೆ ಮುರಿದದ್ದು. ಕೆಲವು ಗೂಡುಗಳಲ್ಲಿ ಮೊಟ್ಟೆಯ ಚಿಪ್ಪೂ ತೆಳುವಾಗಿತ್ತು. ತಾಯಿಹಕ್ಕಿ ಮೊಟ್ಟೆಗೆ, ಮರಿಗೆ ಬೇಕಾದ ಸುಣ್ಣವನ್ನು ಪಡೆಯುವುದು ಮುಖ್ಯವಾಗಿ ಬಸವನಹುಳುವಿನ ಚಿಪ್ಪಿನಿಂದ. ಆದರೆ ಬಸವನಹುಳುಗಳೇ ಕಡಿಮೆಯಾಗಿದ್ದವು, ಯಾಕಂದರೆ ಮಣ್ಣಿನಲ್ಲಿ ಸುಣ್ಣ ಉಳಿದಿರಲಿಲ್ಲ. ಮಣ್ಣು ಹುಳಿಯಾಗಿ, ಇದ್ದಬದ್ದ ಸುಣ್ಣ ನೀರಿನ ಜೊತೆ ಕೆಳಕ್ಕೆ ಇಳಿದುಹೋಗಿತ್ತು. ಮಣ್ಣು ಹುಳಿಯಾದದ್ದಕ್ಕೆ ಹಿಂದಿನ ದಶಕಗಳಲ್ಲಿ ಗಂಧಕದ ಹೊಗೆ ಒಂದು ಕಾರಣ. ಇಂದಿಗೂ ನಿಲ್ಲದ ಇನ್ನೊಂದು ಕಾರಣ, ಗಾಳಿಯಿಂದ ಬೀಳುವ ಸಾರಜನಕ.

ಆ ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಅದು ಸಂರಕ್ಷಿತ ಪ್ರದೇಶ. ಹಾಗಾದರೆ ಸಾರಜನಕ ಬಂದದ್ದು ಎಲ್ಲಿಂದ? ಸುಮ್ನೆ ಕೇಳಿದರೆ ಸಣ್ಣ ಪ್ರಶ್ನೆ. ಇದೇ ಪ್ರಶ್ನೆಯ ಮೇಲೆ ಒಂದು ದೇಶದಲ್ಲಿ ಸಾವಿರಾರು ಕಟ್ಟಡ ಕೆಲಸಗಳು ನಿಂತವು, ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ಸರಕಾರ ಕೂರುವ ನಗರದ ರಸ್ತೆಗಳನ್ನು ತುಂಬಿದರು, ಹೆದ್ದಾರಿಯ ವೇಗಮಿತಿಯೇ ಇಳಿಯಿತು. ಅಲ್ಲಿಗೆ ಆಮೇಲೆ ಬರೋಣ.

ಎಂಟು ಟನ್ ಮತ್ತು ಎರಡು ಗ್ರಾಂ

ಸಾರಜನಕ ಅನ್ನುವ ಹೆಸರಲ್ಲೇ ಹೊಗಳಿಕೆ ಇದೆ: ಸಾರವನ್ನು ಹುಟ್ಟಿಸುವುದು. ಎಲೆಯ ಹಸಿರಿಗೆ, ಕಾಳಿನ ಪ್ರೋಟೀನಿಗೆ, ನಮ್ಮ ಮೈಯ ಮಾಂಸಖಂಡಕ್ಕೆ ಅದು ಬೇಕೇ ಬೇಕು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ. ಒಂದು ಚದರ ಮೀಟರ್ ನೆಲದ ಮೇಲೆ ಆಕಾಶದವರೆಗೆ ನಿಂತ ಗಾಳಿಯನ್ನು ತೂಗಿದರೆ ಅದರಲ್ಲಿ ಸುಮಾರು 8 ಟನ್ ಸಾರಜನಕ ಸಿಗುತ್ತದೆ.

ಆ 8 ಟನ್ನಿನಿಂದ ಯಾವ ಗಿಡಕ್ಕೂ ತೊಂದರೆಯಿಲ್ಲ. ನೇರವಾದ ಉಪಯೋಗವೂ ಇಲ್ಲ. ಗಾಳಿಯಲ್ಲಿ ಎರಡೆರಡು ಸಾರಜನಕದ ಪರಮಾಣುಗಳು ಒಂದನ್ನೊಂದು ಮೂರು ಗಂಟು ಹಾಕಿ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಗಂಟು ಬಿಚ್ಚಲು ಬಲ್ಲವರು ಪ್ರಕೃತಿಯಲ್ಲಿ ಬಹಳ ಕಡಿಮೆ: ಮಿಂಚು, ಬೆಂಕಿ, ಮತ್ತು ಕೆಲವು ಬ್ಯಾಕ್ಟೀರಿಯಾ. ದ್ವಿದಳ ಗಿಡಗಳ ಬೇರಿನ ಗಂಟುಗಳಲ್ಲಿ ಕೂತು ಕೆಲಸ ಮಾಡುವುದು ಇದೇ ಬ್ಯಾಕ್ಟೀರಿಯಾ.

ಗಂಟು ಬಿಚ್ಚಿಕೊಂಡ ಸಾರಜನಕ ಸುಮ್ಮನಿರುವುದಿಲ್ಲ. ಹೈಡ್ರೋಜನ್ ಸಿಕ್ಕರೆ ಅಮೋನಿಯಾ ಆಗುತ್ತದೆ, ಆಮ್ಲಜನಕ ಸಿಕ್ಕರೆ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದನ್ನು ಚುರುಕು ಸಾರಜನಕ ಅಂತ ಕರೆಯೋಣ. ಮಾಲಿನ್ಯ ಅಂತ ನಾವು ಹೇಳುವುದು ಇದಕ್ಕೆ ಮಾತ್ರ.

ಈಗ ಆ ಎರಡು ಗ್ರಾಂ ಲೆಕ್ಕ. ನೆದರ್‌ಲ್ಯಾಂಡ್ಸಿನಲ್ಲಿ ಗಾಳಿ ಮತ್ತು ಮಳೆಯಿಂದ ನೆಲಕ್ಕೆ ಇಳಿಯುವ ಚುರುಕು ಸಾರಜನಕ, ಸರಾಸರಿ ತೆಗೆದರೆ, ವರ್ಷಕ್ಕೆ ಹೆಕ್ಟೇರಿಗೆ 20 ಕಿಲೋ ಆಸುಪಾಸು. ಚದರ ಮೀಟರಿಗೆ 2 ಗ್ರಾಂ. ಒಬ್ಬ ರೈತನಿಗೆ ಇದು ಲೆಕ್ಕಕ್ಕೇ ಇಲ್ಲದ ಗೊಬ್ಬರ; ಹುಲ್ಲುಗಾವಲಿಗೆ ಅವನು ಇದರ ಹತ್ತು ಪಟ್ಟು ಹಾಕುತ್ತಾನೆ. ಆದರೆ ಮಳೆನೀರನ್ನೇ ನಂಬಿ ಬದುಕುವ ಜೌಗು ನೆಲಕ್ಕೆ ತಾಳಿಕೊಳ್ಳಲು ಆಗುವುದು ಹೆಕ್ಟೇರಿಗೆ 5ರಿಂದ 10 ಕಿಲೋ ಮಾತ್ರ. ಪ್ರತಿಯೊಂದು ಬಗೆಯ ನೆಲೆಗೂ ಹೀಗೆ ಒಂದು ತಾಳಿಕೆಯ ಮಿತಿಯನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮಿತಿ ದಾಟಿದರೆ ಬಡ ನೆಲದಲ್ಲಿ ಬದುಕಲು ಕಲಿತ ಗಿಡಗಳು ಸೋಲುತ್ತವೆ. ಹುಲ್ಲು, ತುರುಚೆ, ಮುಳ್ಳುಪೊದೆ ಗೆಲ್ಲುತ್ತವೆ.

ಹೊರಗಿನಿಂದ ನೋಡಿದವರಿಗೆ ಎಲ್ಲಾ ಹಸಿರಾಗಿಯೇ ಕಾಣುತ್ತದೆ, ಮೊದಲಿಗಿಂತ ಜಾಸ್ತಿಯೇ ಹಸಿರು. ಈ ಮಾಲಿನ್ಯದ ಮೋಸ ಇರುವುದೇ ಅಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಏನೂ ಹಾಕದ ತುಂಡು ನೆಲದಲ್ಲಿ ಹತ್ತಾರು ಜಾತಿಯ ಹೂಗಿಡ, ಹುಲ್ಲು. ಅಮೋನಿಯಂ ಗೊಬ್ಬರ ಬಹಳ ಹಾಕಿದ ತುಂಡಿನಲ್ಲಿ ಎರಡು ಮೂರು ಜಾತಿಯ ಹುಲ್ಲು, ಅಷ್ಟೇ.

ಬೆಂಕಿಯ ದಾರಿ

ಚುರುಕು ಸಾರಜನಕ ಗಾಳಿಗೆ ಸೇರಲು ದೊಡ್ಡ ದಾರಿಗಳು ಎರಡು. ಒಂದು ಬೆಂಕಿ. ಇನ್ನೊಂದು ಗಂಜಲ.

ಬೆಂಕಿಯ ದಾರಿಯಲ್ಲಿ ಒಂದು ತಮಾಷೆ ಇದೆ. ಪೆಟ್ರೋಲಿನಲ್ಲಿ, ಅಡುಗೆ ಗ್ಯಾಸಿನಲ್ಲಿ ಸಾರಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಅವನ್ನು ಉರಿಸಿದಾಗ ನೈಟ್ರೋಜನ್ ಆಕ್ಸೈಡ್ ಹೊರಬರುತ್ತದೆ. ಯಾಕಂದರೆ ಅದು ಇಂಧನದ್ದಲ್ಲ, ಉರಿಯಲು ಒಳಗೆಳೆದುಕೊಂಡ ಗಾಳಿಯದ್ದು. ಎಂಜಿನ್ನಿನೊಳಗೆ ಶಾಖ 1500 ಡಿಗ್ರಿ ದಾಟಿದರೆ ಆ ಬಿಗಿ ಗಂಟು ಬಿಚ್ಚಲು ಶುರುವಾಗುತ್ತದೆ. ಮಿಂಚು ಆಕಾಶದಲ್ಲಿ ಮಾಡುವ ಕೆಲಸವನ್ನೇ ಎಂಜಿನ್ ತನ್ನ ಸಿಲಿಂಡರಿನಲ್ಲಿ ಮಾಡುತ್ತದೆ. ಹಾಗಾಗಿ ಎಂಜಿನ್ ಚೆನ್ನಾಗಿ, ಬಿಸಿಯಾಗಿ ಉರಿದಷ್ಟೂ ಈ ಹೊಗೆ ಜಾಸ್ತಿ. ಕಪ್ಪು ಹೊಗೆ ಕಾಣದಿದ್ದರೆ ಗಾಡಿ ಶುದ್ಧ ಅಂದುಕೊಳ್ಳುವವರು ಇಲ್ಲಿ ಏಮಾರುತ್ತಾರೆ. ಕಲ್ಲಿದ್ದಲಿನ ಕಥೆ ಸ್ವಲ್ಪ ಬೇರೆ. ಅದರೊಳಗೇ ಸಾರಜನಕ ಇರುವುದರಿಂದ ಎರಡೂ ಕಡೆಯಿಂದ ಬರುತ್ತದೆ.

ಲಾರಿ, ಕಾರು, ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆ, ಹಡಗು, ವಿಮಾನ, ಕಟ್ಟಡದ ಕೆಲಸಕ್ಕೆ ಬರುವ ಅಗೆಯುವ ಯಂತ್ರ, ಮನೆ ಬಿಸಿ ಮಾಡುವ ಬಾಯ್ಲರ್, ಎಲ್ಲದರದ್ದೂ ಇದೇ ಕಥೆ. ಹಡಗುಗಳ ಬಗ್ಗೆ ಜನ ಯೋಚಿಸುವುದು ಕಡಿಮೆ, ಅವು ಕಣ್ಣಿಗೆ ಬೀಳುವುದಿಲ್ಲ ನೋಡಿ. ಉತ್ತರ ಸಮುದ್ರ ಮತ್ತು ಬಾಲ್ಟಿಕ್ ಸಮುದ್ರದಲ್ಲಿ ಹೊಸ ಹಡಗುಗಳ ನೈಟ್ರೋಜನ್ ಆಕ್ಸೈಡಿಗೆ ಬಿಗಿ ಮಿತಿ ಬಂದದ್ದು 2021ರ ಜನವರಿಯಲ್ಲಿ. ಹಳೆಯ ಹಡಗುಗಳಿಗೆ ಆ ಮಿತಿ ಇಲ್ಲ, ಒಂದು ಹಡಗು ಓಡುವುದೋ ಹಲವು ದಶಕ.

ಯುರೋಪಿನಲ್ಲಿ, ಅಮೆರಿಕದಲ್ಲಿ ಈ ಹೊಗೆ 1990ರ ನಂತರ ಬಹಳ ಇಳಿದಿದೆ. ಕಾರಿನ ಹೊಗೆಕೊಳವೆಯಲ್ಲಿ ಕೂರಿಸಿದ ಕ್ಯಾಟಲಿಟಿಕ್ ಕನ್ವರ್ಟರ್ ಅದರ ಮುಖ್ಯ ಕಾರಣ. ಆದರೆ ಕಾಗದದಲ್ಲಿ ಇಳಿದಷ್ಟು ರಸ್ತೆಯಲ್ಲಿ ಇಳಿಯಲಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಮೋಸ ಹೊರಬಿತ್ತಲ್ವಾ, ಆ ಮೋಸ ಇದೇ ಅನಿಲದ್ದು. ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರನ್ನು ಜಗತ್ತಿನಲ್ಲಿ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಹಾಕಿದ್ದರು.

ಇನ್ನೊಂದು ಮಾತು. ಪೆಟ್ರೋಲ್ ಕಾರಿನ ಕನ್ವರ್ಟರ್ ನೈಟ್ರೋಜನ್ ಆಕ್ಸೈಡನ್ನು ಒಡೆಯುವಾಗ ಒಂದಷ್ಟನ್ನು ಅಮೋನಿಯಾ ಮಾಡಿಬಿಡುತ್ತದೆ. ಡೀಸೆಲ್ ಲಾರಿಗಳಲ್ಲಿ ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಚಿಮುಕಿಸುತ್ತಾರೆ, ಅದರಲ್ಲೂ ಸ್ವಲ್ಪ ಅಮೋನಿಯಾ ಸೋರುತ್ತದೆ. ಹಾಗಾಗಿ ಹೆದ್ದಾರಿಗೆ ಅಂಟಿಕೊಂಡ ಕಾಡಿನ ಅಂಚಿಗೆ ರಸ್ತೆಯಿಂದಲೇ ಎರಡೂ ಬಗೆಯ ಸಾರಜನಕ ಸಿಗುತ್ತದೆ.

ಗಂಜಲದ ದಾರಿ

ಯುರೋಪಿನಲ್ಲಿ ಗಾಳಿಗೆ ಸೇರುವ ಅಮೋನಿಯಾದ ನೂರಕ್ಕೆ 90ರಷ್ಟು ಕೃಷಿಯಿಂದ ಬರುತ್ತದೆ. ಅದರಲ್ಲೂ ದೊಡ್ಡ ಪಾಲು ಸಾಕುಪ್ರಾಣಿಗಳ ಗಂಜಲ, ಸಗಣಿಯದ್ದು. ಉಳಿದದ್ದು ರಾಸಾಯನಿಕ ಗೊಬ್ಬರದ್ದು, ಮುಖ್ಯವಾಗಿ ಯೂರಿಯಾದ್ದು.

ಹಸುವಿನ ಗಂಜಲದಲ್ಲಿ ಯೂರಿಯಾ ಇರುತ್ತದೆ. ಸಗಣಿಯಲ್ಲಿ ಯೂರಿಯೇಸ್ ಅನ್ನುವ ಕಿಣ್ವ ಇರುತ್ತದೆ. ಬೇರೆಬೇರೆಯಾಗಿ ಇದ್ದರೆ ಎರಡೂ ತೆಪ್ಪಗಿರುತ್ತವೆ. ಬೆರೆತರೆ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏಳುತ್ತದೆ. ಮೇಯುವ ಹಸು ಒಂದು ಕಡೆ ಉಚ್ಚೆ ಹೊಯ್ದು ಇನ್ನೊಂದು ಕಡೆ ಸಗಣಿ ಹಾಕುತ್ತದೆ, ಗಂಜಲ ಬೇಗನೆ ಮಣ್ಣಿಗೆ ಇಂಗುತ್ತದೆ. ಸಿಮೆಂಟ್ ನೆಲದ ದೊಡ್ಡ ಕೊಟ್ಟಿಗೆಯಲ್ಲಿ ಎರಡೂ ತುಳಿದು ಬೆರೆತು, ಕೆಳಗಿನ ಗುಂಡಿಯಲ್ಲಿ ಬಗ್ಗಡವಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದೇ ಹಸು, ಅದೇ ಮೇವು. ಆದರೆ ಕೊಟ್ಟಿಗೆಯಲ್ಲಿ ಕಳೆದ ದಿನಕ್ಕೂ ಬಯಲಲ್ಲಿ ಕಳೆದ ದಿನಕ್ಕೂ ಏಳುವ ಅಮೋನಿಯಾದಲ್ಲಿ ಅಜಗಜಾಂತರ. ಕೋಳಿಯದ್ದು ಇನ್ನೊಂದು ಬಗೆ: ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಒಣಗಿದ್ದರೆ ಅದು ಹಾಗೇ ಉಳಿಯುತ್ತದೆ, ತೇವ ತಾಗಿದರೆ ಅಮೋನಿಯಾ ಆಗುತ್ತದೆ.

ಗುಂಡಿಯ ಬಗ್ಗಡವನ್ನು ಕೊನೆಗೆ ಹೊಲಕ್ಕೆ ಹಾಕಬೇಕು. ಬಿಸಿಲು, ಗಾಳಿ ಇರುವ ದಿನ ಮೇಲಿಂದ ಎರಚಿದರೆ ಅರ್ಧ ದಿನದಲ್ಲೇ ಬಹಳಷ್ಟು ಹಾರಿಹೋಗುತ್ತದೆ. ರೈತನಿಗೂ ಅದು ನಷ್ಟವೇ, ಗೊಬ್ಬರ ಗಾಳಿಪಾಲು. ನೆದರ್‌ಲ್ಯಾಂಡ್ಸಿನಲ್ಲಿ 1990ರ ದಶಕದಲ್ಲೇ ಎರಚುವುದನ್ನು ನಿಲ್ಲಿಸಿ, ಮಣ್ಣು ಸೀಳಿ ಒಳಗೆ ಬಿಡುವುದನ್ನು ಕಡ್ಡಾಯ ಮಾಡಿದರು. ಬಗ್ಗಡದ ತೊಟ್ಟಿಗಳಿಗೆ ಮುಚ್ಚಳ ಬಂತು. ಆ ದೇಶದ ಅಮೋನಿಯಾ 1990ಕ್ಕೆ ಹೋಲಿಸಿದರೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ರೈತರು ಏನೂ ಮಾಡಿಲ್ಲ ಅನ್ನುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ.

ಆದರೆ ಆಮೇಲೆ ಇಳಿತ ನಿಧಾನವಾಯಿತು. ಕಡಿಮೆ ಅಮೋನಿಯಾ ಬಿಡುತ್ತವೆ ಅಂತ ಪ್ರಮಾಣಪತ್ರ ಪಡೆದ ಹೊಸ ಬಗೆಯ ಕೊಟ್ಟಿಗೆಗಳು, ದಿನನಿತ್ಯದ ಬಳಕೆಯಲ್ಲಿ, ಕಾಗದದಲ್ಲಿ ಹೇಳಿದಷ್ಟು ಕೆಲಸ ಮಾಡಲಿಲ್ಲ. ಕಾರಿನ ಕಥೆಯೇ ಇಲ್ಲೂ.

ಸ್ವಲ್ಪ ಹಿಂದಕ್ಕೆ ಹೋಗೋಣ. ಆ ಗಂಜಲದೊಳಗೆ ಸಾರಜನಕ ಬಂದದ್ದು ಎಲ್ಲಿಂದ? ಮೇವಿನ ಪ್ರೋಟೀನಿನಿಂದ. ಹಾಲು ಕೊಡುವ ಹಸು ತಿಂದ ಸಾರಜನಕದಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಹಾಲಿಗೆ ಹೋಗುತ್ತದೆ. ಉಳಿದದ್ದೆಲ್ಲ ಹಿಂದಿನಿಂದ ಹೊರಗೆ. ಮೇವು ಬೆಳೆದದ್ದು ಒಂದೋ ಗೊಬ್ಬರ ಹಾಕಿದ ಹುಲ್ಲುಗಾವಲಲ್ಲಿ, ಇಲ್ಲವೇ ಬ್ರೆಜಿಲ್, ಅರ್ಜೆಂಟೀನಾದ ಸೋಯಾ ಹೊಲದಲ್ಲಿ. ಸೋಯಾ ದ್ವಿದಳ, ಬೇರಿನ ಬ್ಯಾಕ್ಟೀರಿಯಾದಿಂದ ಗಾಳಿಯ ಸಾರಜನಕ ಹಿಡಿಯುತ್ತದೆ. ಅದು ಹಡಗು ಹತ್ತಿ ಸಮುದ್ರ ದಾಟಿ ಹಂದಿ, ಕೋಳಿಗಳ ಹೊಟ್ಟೆ ಸೇರುತ್ತದೆ. ಅಂದರೆ ದಕ್ಷಿಣ ಅಮೆರಿಕದ ಗಾಳಿಯಿಂದ ಬಿಚ್ಚಿದ ಸಾರಜನಕ ಯುರೋಪಿನ ಕೊಟ್ಟಿಗೆಯಲ್ಲಿ ಅಮೋನಿಯಾ ಆಗಿ, ಪಕ್ಕದ ಕಾಡಿನ ಪಾಚಿಯ ಮೇಲೆ ಬೀಳುತ್ತದೆ.

ಹುಲ್ಲುಗಾವಲಿನ ಗೊಬ್ಬರದ ಬೇರು ಹುಡುಕಿದರೆ ಜರ್ಮನಿಗೆ ಹೋಗಬೇಕು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವುದನ್ನು ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿಕೊಟ್ಟ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಇಂದು ಈ ವಿಧಾನದಿಂದ ವರ್ಷಕ್ಕೆ 10 ಕೋಟಿ ಟನ್ನಿಗೂ ಜಾಸ್ತಿ ಸಾರಜನಕದ ಗಂಟು ಬಿಚ್ಚುತ್ತಾರೆ. ಜಗತ್ತಿನ ಅರ್ಧದಷ್ಟು ಜನರ ಊಟ ಇದರ ಮೇಲೆ ನಿಂತಿದೆ ಅನ್ನುವುದು ಒಂದು ಅಂದಾಜು. ಹಾಗಾಗಿ ಈ ಕಾರ್ಖಾನೆಗಳನ್ನು ಮುಚ್ಚಿ ಅಂತ ಯಾರೂ ಹೇಳಲಾಗದು. ಆದರೆ ಕಾಡಿನ ಎರಡು ಗ್ರಾಮಿನ ದೊಡ್ಡದೊಂದು ಪಾಲು ಕೊನೆಗೆ ಹೋಗಿ ಮುಟ್ಟುವುದು ಇಲ್ಲಿಗೇ.

ಎಷ್ಟು ದೂರ ಹೋಗುತ್ತದೆ?

ಅಮೋನಿಯಾ, ನೈಟ್ರೋಜನ್ ಆಕ್ಸೈಡ್, ಇಬ್ಬರ ಸ್ವಭಾವ ಬೇರೆ. ಅಮೋನಿಯಾ ಅಂಟುಬುರುಕ. ನೀರು ಕಂಡರೆ ಕರಗುತ್ತದೆ, ಒದ್ದೆ ಎಲೆ ಕಂಡರೆ ಹಿಡಿದುಕೊಳ್ಳುತ್ತದೆ. ಕೊಟ್ಟಿಗೆಯಿಂದ ಹೊರಟದ್ದರಲ್ಲಿ ಒಳ್ಳೆಯ ಪಾಲು ಕೆಲವು ನೂರು ಮೀಟರ್, ಕೆಲವು ಕಿಲೋಮೀಟರ್ ಒಳಗೇ ಇಳಿದುಬಿಡುತ್ತದೆ. ನೈಟ್ರೋಜನ್ ಆಕ್ಸೈಡಿಗೆ ಆ ಅವಸರ ಇಲ್ಲ. ಅದು ಮೊದಲು ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗಿ ಬದಲಾಗಬೇಕು, ಅಷ್ಟರಲ್ಲಿ ಬಹಳ ದೂರ ಸಾಗಿರುತ್ತದೆ.

ಆದರೆ ಅಮೋನಿಯಾಕ್ಕೂ ದೂರ ಹೋಗುವ ಒಂದು ಉಪಾಯ ಇದೆ. ದಾರಿಯಲ್ಲಿ ನೈಟ್ರಿಕ್ ಆಮ್ಲವೋ ಗಂಧಕದ ಆಮ್ಲವೋ ಸಿಕ್ಕರೆ ಅದರ ಜೊತೆ ಸೇರಿ ಸಣ್ಣ ಕಣವಾಗುತ್ತದೆ. ಆ ಕಣ ನೂರಾರು ಕಿಲೋಮೀಟರ್ ತೇಲುತ್ತದೆ, ಗಡಿ ದಾಟುತ್ತದೆ, ಎಲ್ಲೋ ಮಳೆಯ ಜೊತೆ ಇಳಿಯುತ್ತದೆ. ನಗರಗಳ ಗಾಳಿಯಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಣ್ಣ ದೂಳಿನಲ್ಲೂ ಇದರ ಪಾಲಿದೆ.

ಇಲ್ಲಿ ಒಂದು ಎಡವಟ್ಟು ನಡೆದಿದೆ. ಆಮ್ಲಮಳೆ ತಡೆಯಲು ಯುರೋಪು ಗಂಧಕದ ಹೊಗೆಯನ್ನು ಬಹುಪಾಲು ಇಳಿಸಿತು. ಒಳ್ಳೆಯ ಕೆಲಸವೇ. ಆದರೆ ಅಮೋನಿಯಾಕ್ಕೆ ಜೊತೆಗಾರ ಆಮ್ಲ ಕಡಿಮೆಯಾಯಿತು. ಕಣವಾಗಿ ದೂರ ಹೋಗುವ ಬದಲು ಅನಿಲವಾಗಿ ಹತ್ತಿರದಲ್ಲೇ ಜಾಸ್ತಿ ಉಳಿಯಿತು. ಹೊರಬಿಡುವುದು ಇಳಿದಷ್ಟು, ಗಾಳಿಯಲ್ಲಿ ಅಳೆದ ಅಮೋನಿಯಾ ಇಳಿಯದೆ ವಿಜ್ಞಾನಿಗಳು ಕೆಲಕಾಲ ತಲೆ ಕೆರೆದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಬೀಳುವ ಜಾಗವೂ ಮುಖ್ಯ. ಕಾಡು ಅಂದರೆ ಗಾಳಿಗೆ ಅಡ್ಡ ಹಿಡಿದ ಬಾಚಣಿಗೆ. ಬಯಲು ಹುಲ್ಲಿಗಿಂತ ಮರಗಳು ಜಾಸ್ತಿ ಸಾರಜನಕ ಹಿಡಿಯುತ್ತವೆ. ಗಾಳಿ ಬೀಸುವ ಕಡೆಯ ಅಂಚಿನ ಮರಗಳು ಒಳಗಿನ ಮರಗಳಿಗಿಂತ ಒಂದೂವರೆ ಪಟ್ಟು, ಎರಡು ಪಟ್ಟು ಹಿಡಿಯುವುದೂ ಇದೆ. ಹೊಲಗಳ ನಡುವೆ ಉಳಿದ ಸಣ್ಣ ಕಾಡಿನ ತುಂಡಿಗೆ ಒಳಗು ಅನ್ನುವುದೇ ಇರುವುದಿಲ್ಲ. ಅದು ಪೂರಾ ಅಂಚೇ.

ಯಾವ ರೂಪದಲ್ಲಿ ಬಿತ್ತು ಅನ್ನುವುದರಿಂದಲೂ ವ್ಯತ್ಯಾಸವಾಗುತ್ತದೆ. ಸ್ಕಾಟ್‌ಲ್ಯಾಂಡಿನ ಎಡಿನ್‌ಬರೊ ಹತ್ತಿರ ವಿಮ್ ಬಾಗ್ ಎಂಬ ಜೌಗಿನಲ್ಲಿ 2002ರಿಂದ ಒಂದು ಪ್ರಯೋಗ ನಡೆಯಿತು. ಒಂದು ಕಡೆ ಕೊಳವೆಯಿಂದ ಅಮೋನಿಯಾ ಅನಿಲ ಬಿಟ್ಟರು, ಇನ್ನೊಂದು ಕಡೆ ಸಾರಜನಕವನ್ನು ನೀರಿನಲ್ಲಿ ಕರಗಿಸಿ ಮಳೆಯಂತೆ ಸಿಂಪಡಿಸಿದರು. ಅಷ್ಟೇ ಸಾರಜನಕವಿದ್ದರೂ ಅನಿಲ ಬಿದ್ದ ಕಡೆ ಕಲ್ಲುಹೂವು, ಜೌಗಿನ ಪಾಚಿ, ಕುರುಚಲು ಗಿಡ ಬಹಳ ಬೇಗ ಹಾಳಾದವು. ಹತ್ತಿರದ ಕೊಟ್ಟಿಗೆಯ ಒಂದು ಕಿಲೋ, ದೂರದ ಹಡಗಿನ ಒಂದು ಕಿಲೋಗೆ ಸಮ ಅಲ್ಲ ಅನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಹಾಂ, ಅಮೋನಿಯಾ ಪ್ರತ್ಯಾಮ್ಲ, ಅಂದರೆ ಹುಳಿಗೆ ವಿರುದ್ಧ. ಹಾಗಿರುವಾಗ ಮಣ್ಣು ಹುಳಿಯಾಗುವುದು ಹೇಗೆ ಅಂತ ಕೇಳಬಹುದು. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಆಮ್ಲ ಹೊರಬರುತ್ತದೆ. ಆ ನೈಟ್ರೇಟ್ ನೀರಿನ ಜೊತೆ ಕೆಳಗಿಳಿಯುವಾಗ ಸುಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಚೇಕಡಿ ಮರಿಯ ಕಾಲಿಗೂ ದೂರದ ಕೊಟ್ಟಿಗೆಗೂ ನಡುವಿನ ಕೊಂಡಿ ಇದು.

ಪಾಲು ಲೆಕ್ಕ ಹಾಕುವ ಜಗಳ

ಯಾರ ಪಾಲು ಎಷ್ಟು? ಮೊದಲ ತೊಡಕು ತೂಕದ್ದೇ. ಒಂದು ಕಿಲೋ ಅಮೋನಿಯಾದಲ್ಲಿ 820 ಗ್ರಾಂ ಸಾರಜನಕ ಇರುತ್ತದೆ. ಒಂದು ಕಿಲೋ ನೈಟ್ರೋಜನ್ ಡೈಆಕ್ಸೈಡಿನಲ್ಲಿ ಬರೀ 300 ಗ್ರಾಂ. ಹಾಗಾಗಿ ಎರಡರ ಟನ್ನುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ ಚಿತ್ರ ಎಲ್ಲಾದರೂ ಕಂಡರೆ ನಂಬಬೇಡಿ. ಕಾರಿನ ಪಾಲು ದೊಡ್ಡದಾಗಿ ಕಾಣುವಂತೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎರಡನೆಯದು, ಹೊರಟದ್ದನ್ನು ಎಣಿಸುತ್ತೀರೋ, ಬಿದ್ದದ್ದನ್ನು ಎಣಿಸುತ್ತೀರೋ? ನೆದರ್‌ಲ್ಯಾಂಡ್ಸಿನಲ್ಲಿ ಈ ಲೆಕ್ಕ ಇಡುವುದು ಆರ್‌ಐವಿಎಂ ಎಂಬ ಸರಕಾರಿ ಸಂಸ್ಥೆ. ಅದರ ಲೆಕ್ಕದಲ್ಲಿ, 2018ರ ಸುಮಾರಿಗೆ ಆ ದೇಶದ ನೆಲಕ್ಕೆ ಬಿದ್ದ ಸಾರಜನಕದಲ್ಲಿ ಸ್ವದೇಶದ ಕೃಷಿಯ ಪಾಲು ನೂರಕ್ಕೆ 45ರಷ್ಟು. ಬೇರೆ ದೇಶಗಳಿಂದ ಬಂದದ್ದು ಮೂರನೇ ಒಂದು ಭಾಗ. ರಸ್ತೆ ಸಂಚಾರ ನೂರಕ್ಕೆ 6ರ ಆಸುಪಾಸು. ಕಟ್ಟಡ ಕೆಲಸ ನೂರಕ್ಕೆ ಒಂದೂ ಇಲ್ಲ. ಮೂರನೇ ಒಂದು ಭಾಗ ಹೊರಗಿನದ್ದು ಅಂದ ಕೂಡಲೇ ಹಲವರು ಪಕ್ಕದವರ ಕಡೆ ಬೆರಳು ತೋರಿಸಿದರು. ಆದರೆ ಆ ಸಣ್ಣ ದೇಶ ಗಾಳಿಯ ಮೂಲಕ ಒಳಗೆ ತರಿಸಿಕೊಳ್ಳುವುದಕ್ಕಿಂತ ಹಲವು ಪಟ್ಟು ಸಾರಜನಕವನ್ನು ಹೊರಗೆ ಕಳಿಸುತ್ತದೆ. 40 ಲಕ್ಷದ ಆಸುಪಾಸು ದನ, ಒಂದು ಕೋಟಿಯಷ್ಟು ಹಂದಿ, ಹತ್ತು ಕೋಟಿಯ ಹತ್ತಿರ ಕೋಳಿ ಇರುವ ಪುಟ್ಟ ದೇಶದಲ್ಲಿ ಬೇರೆ ಏನಾದೀತು!

ಮೂರನೆಯದು, ದೇಶದ ಸರಾಸರಿ ಒಂದೊಂದು ಕಾಡಿಗೂ ಹೊಂದುವುದಿಲ್ಲ. ವೆಲುವೆಯ ಪಕ್ಕದಲ್ಲೇ ಗೆಲ್ಡರ್ಸೆ ಕಣಿವೆ ಇದೆ, ದೇಶದಲ್ಲೇ ಕೊಟ್ಟಿಗೆ ಮತ್ತು ಕೋಳಿ ಫಾರಂ ದಟ್ಟವಾಗಿರುವ ಜಾಗಗಳಲ್ಲಿ ಒಂದು. ಅಲ್ಲಿ ಜಾಸ್ತಿ ಬೀಸುವುದು ನೈಋತ್ಯದ ಗಾಳಿ, ಅದು ನೇರ ಕಾಡಿಗೇ ಹೊಡೆಯುತ್ತದೆ. ಸಮುದ್ರ ದಂಡೆಯ ಮರಳುದಿಬ್ಬಗಳಿಗೆ ಹೋದರೆ ಹಡಗು, ಬಂದರು, ಹೊರದೇಶದ ಪಾಲು ಏರುತ್ತದೆ.

ಅಮೆರಿಕದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಉದಾಹರಣೆ ನನಗೆ ಎಲ್ಲಕ್ಕಿಂತ ಇಷ್ಟ. ಬೆಟ್ಟದ ತುದಿಯ ಕೆರೆಗಳು, ಸುತ್ತ ಬರೀ ಬಂಡೆ, ಹಿಮ. ಅಲ್ಲೂ ಸಾರಜನಕ! ಮಳೆ, ಹಿಮದ ಜೊತೆ ವರ್ಷಕ್ಕೆ ಹೆಕ್ಟೇರಿಗೆ 3 ಕಿಲೋ ಬೀಳುತ್ತಿತ್ತು. ನೆದರ್‌ಲ್ಯಾಂಡ್ಸಿನವರಿಗೆ ಇದು ನಗು ತರಿಸುವ ಅಂಕಿ. ಆದರೆ ಅಷ್ಟಕ್ಕೇ ಕೆರೆಯ ಸಣ್ಣ ಪಾಚಿಗಳ ಜಾತಿ ಬದಲಾಗಿತ್ತು. ಕೆರೆಯ ತಳದ ಕೆಸರಿನ ಪದರ ನೋಡಿ, ಬದಲಾವಣೆ ಶುರುವಾದದ್ದು 1950ರ ಸುಮಾರಿಗೆ ಅಂತ ಕಂಡುಹಿಡಿದರು. ಬೆಟ್ಟದ ಪೂರ್ವಕ್ಕೆ ಡೆನ್ವರ್ ಕಡೆಯ ನಗರಗಳಿವೆ, ಅದರಾಚೆ ದನ ಕೊಬ್ಬಿಸುವ ದೊಡ್ಡ ದೊಡ್ಡ ದೊಡ್ಡಿಗಳು, ಹೊಲಗಳು. ಸಾಮಾನ್ಯವಾಗಿ ಗಾಳಿ ಪಶ್ಚಿಮದಿಂದ ಬೀಸಿ ಎಲ್ಲವನ್ನೂ ಬಯಲ ಕಡೆಗೇ ಒಯ್ಯುತ್ತದೆ. ವರ್ಷದಲ್ಲಿ ಕೆಲವು ದಿನ ಮಾತ್ರ ಗಾಳಿ ತಿರುಗಿ ಬೆಟ್ಟ ಹತ್ತುತ್ತದೆ, ಜೊತೆಗೆ ಮಳೆಯೂ ಬರುತ್ತದೆ. ಆ ಕೆಲವು ದಿನಗಳಲ್ಲೇ ದೊಡ್ಡ ಪಾಲು ಬೀಳುತ್ತದೆ.

2007ರಲ್ಲಿ ಅಲ್ಲಿನವರು ಒಂದು ಯೋಜನೆ ಒಪ್ಪಿಕೊಂಡರು. ಹೆಕ್ಟೇರಿಗೆ 1.5 ಕಿಲೋಗೆ ಇಳಿಸಬೇಕು, 2032ರ ಹೊತ್ತಿಗೆ. ಅದರ ಭಾಗವಾಗಿ ಒಂದು ಜಾಣ ಏರ್ಪಾಡು ಮಾಡಿದರು: ಗಾಳಿ ಬೆಟ್ಟ ಹತ್ತುವ ಮುನ್ಸೂಚನೆ ಬಂದರೆ ರೈತರಿಗೆ ಸಂದೇಶ ಹೋಗುತ್ತದೆ, ಸಾಧ್ಯವಿದ್ದರೆ ಆ ದಿನ ಗೊಬ್ಬರ ಕೆದಕಬೇಡಿ, ಹಾಕಬೇಡಿ ಅಂತ. ಬರೀ ಎಷ್ಟು ಅಂತ ಎಣಿಸದೆ ಯಾವಾಗ ಅಂತಲೂ ಕೇಳಿದ್ದರಿಂದ ಹೊಳೆದ ಉಪಾಯ.

ಅಳೆಯುವುದು ಹೇಗೆ, ಎಲ್ಲಿಗೆ ನಿಲ್ಲಿಸುವುದು?

ಕಾಡಿನಲ್ಲಿ ಬಿದ್ದ ಸಾರಜನಕದ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಮಳೆನೀರು ಹಿಡಿದು ಪರೀಕ್ಷೆ ಮಾಡಬಹುದು. ಮರಕ್ಕೋ ಕಂಬಕ್ಕೋ ಸಣ್ಣ ಕೊಳವೆ ಕಟ್ಟಿ, ತಿಂಗಳಿಗೊಮ್ಮೆ ತೆಗೆದು ಅಮೋನಿಯಾ ಎಷ್ಟಿತ್ತು ಅಂತ ನೋಡಬಹುದು. ನೆದರ್‌ಲ್ಯಾಂಡ್ಸಿನ ಸಂರಕ್ಷಿತ ಪ್ರದೇಶಗಳಲ್ಲಿ 2005ರಿಂದ ಹೀಗೆ ಅಳೆಯುತ್ತಿದ್ದಾರೆ. ಕಲ್ಲುಹೂವುಗಳೂ ಸುಳಿವು ಕೊಡುತ್ತವೆ: ಹಳದಿ ಬಣ್ಣದ ಕೆಲವು ಜಾತಿ ಅಮೋನಿಯಾ ಇದ್ದಲ್ಲಿ ಹುಲುಸಾಗುತ್ತವೆ, ಗಡ್ಡದಂತೆ ಜೋತಾಡುವವು ಕಾಣೆಯಾಗುತ್ತವೆ. ಸಾರಜನಕದ ಭಾರದ ಪರಮಾಣು ಮತ್ತು ಹಗುರ ಪರಮಾಣುಗಳ ಪ್ರಮಾಣ ನೋಡಿ ಹೊಗೆಯದ್ದೋ ಗಂಜಲದ್ದೋ ಅಂತ ಊಹಿಸುವ ವಿಧಾನವೂ ಇದೆ. ಆದರೆ ಆ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ, ಬೆರಳಚ್ಚಿನಷ್ಟು ಖಚಿತ ಅಲ್ಲ.

ಹಾಗಾಗಿ ಯಾರದ್ದು ಎಷ್ಟು ಅನ್ನುವುದನ್ನು ಹೇಳುವುದು ಕಂಪ್ಯೂಟರಿನ ಲೆಕ್ಕ. ಎಲ್ಲಿ ಎಷ್ಟು ದನ, ಯಾವ ರಸ್ತೆಯಲ್ಲಿ ಎಷ್ಟು ಗಾಡಿ, ಗಾಳಿ ಯಾವ ಕಡೆ, ಮಳೆ ಎಷ್ಟು, ನೆಲ ಎಂಥದ್ದು, ಎಲ್ಲವನ್ನೂ ಹಾಕಿ ಲೆಕ್ಕ ತೆಗೆಯುತ್ತಾರೆ, ಅಳತೆಯ ಜೊತೆ ಹೋಲಿಸಿ ಸರಿಪಡಿಸುತ್ತಾರೆ. 2020ರಲ್ಲಿ ಡಚ್ ಸರಕಾರ ನೇಮಿಸಿದ ಒಂದು ಸಮಿತಿ ಇದನ್ನೆಲ್ಲ ಪರಿಶೀಲಿಸಿ, ದೇಶದ ಮಟ್ಟಕ್ಕೆ ಈ ಲೆಕ್ಕ ಚೆನ್ನಾಗಿದೆ, ಆದರೆ ಒಂದು ಕೊಟ್ಟಿಗೆಯಿಂದ ಒಂದು ಕಾಡಿನ ಮೂಲೆಗೆ ಎಷ್ಟು ಅಂತ ಹೇಳುವಷ್ಟು ಸೂಕ್ಷ್ಮ ಅಲ್ಲ ಅಂದಿತು. ಕೊಟ್ಟಿಗೆ, ರಸ್ತೆ, ಕಟ್ಟಡಗಳಿಗೆ ಸರಕಾರ ಕೊಡುವ ಅನುಮತಿಪತ್ರಗಳು ನಿಂತಿದ್ದದ್ದು ಆ ಎರಡನೆಯ ಬಗೆಯ ಲೆಕ್ಕದ ಮೇಲೇ!

ಎಷ್ಟು ದೂರದವರೆಗೆ ಎಣಿಸಬೇಕು ಅನ್ನುವುದೂ ಜಗಳವೇ. ಮೊದಲು ರಸ್ತೆಯ ಹೊಗೆಯನ್ನು 5 ಕಿಲೋಮೀಟರಿನವರೆಗೆ ಮಾತ್ರ ಎಣಿಸುತ್ತಿದ್ದರು, ಕೊಟ್ಟಿಗೆಯದ್ದಕ್ಕೆ ಅಂಥ ಗಡಿ ಇರಲಿಲ್ಲ. ರೈತರಿಗೆ ಇದು ಅನ್ಯಾಯ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2022ರಿಂದ ಎಲ್ಲರಿಗೂ 25 ಕಿಲೋಮೀಟರ್ ಅಂತ ಮಾಡಿದರು. ಅದರಾಚೆ ಬೀಳುವುದು ಯಾರ ಖಾತೆಗೂ ಸೇರದೆ, ಎಲ್ಲರದ್ದೂ ಆಗಿ ಉಳಿಯುತ್ತದೆ.

ಈ ಲೆಕ್ಕಗಳೆಲ್ಲ ಬೀದಿಗೆ ಬಂದದ್ದು 2019ರ ಮೇ 29ರಂದು. ಮುಂದೆ ಸಾರಜನಕ ಇಳಿಯುತ್ತದೆ ಅನ್ನುವ ನಂಬಿಕೆಯ ಮೇಲೆ ಇಂದು ಅನುಮತಿ ಕೊಡುವಂತಿಲ್ಲ ಅಂತ ನೆದರ್‌ಲ್ಯಾಂಡ್ಸಿನ ರಾಜ್ಯ ಮಂಡಳಿ ತೀರ್ಪು ಕೊಟ್ಟಿತು. ಅದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ. ಸುಮಾರು 18,000 ಯೋಜನೆಗಳು ಸಿಕ್ಕಿಹಾಕಿಕೊಂಡವು. ಅಕ್ಟೋಬರ್ 1ರಂದು ಟ್ರ್ಯಾಕ್ಟರುಗಳು ಹೇಗ್ ನಗರಕ್ಕೆ ನುಗ್ಗಿದವು. 2020ರ ಮಾರ್ಚ್‌ನಲ್ಲಿ ಹಗಲು ಹೊತ್ತಿನ ಹೆದ್ದಾರಿ ವೇಗ ಗಂಟೆಗೆ 100 ಕಿಲೋಮೀಟರಿಗೆ ಇಳಿಯಿತು, ಅದರಿಂದ ಉಳಿತಾಯವಾದ ಒಂದಿಷ್ಟು ಸಾರಜನಕದ ಲೆಕ್ಕದಲ್ಲಿ ಮನೆ ಕಟ್ಟಲು ಅವಕಾಶ ಸಿಗಲಿ ಅಂತ. 2025ರ ಜನವರಿಯಲ್ಲಿ ಹೇಗ್‌ನ ನ್ಯಾಯಾಲಯ ಇನ್ನೂ ಬಿಗಿ ಮಾಡಿತು: 2030ರ ಒಳಗೆ ಸೂಕ್ಷ್ಮ ಪ್ರಕೃತಿಯ ಅರ್ಧದಷ್ಟನ್ನಾದರೂ ತಾಳಿಕೆಯ ಮಿತಿಯೊಳಗೆ ತರಬೇಕು, ಇಲ್ಲದಿದ್ದರೆ ಸರಕಾರ 1 ಕೋಟಿ ಯೂರೋ ದಂಡ ಕಟ್ಟಬೇಕು.

ನನಗನ್ನಿಸುವುದು, ಈ ಜಗಳದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಸಾರಜನಕ ಎಲ್ಲಿಂದ ಬರುತ್ತದೆ ಅನ್ನುವುದು ಒಂದು. ಎಲ್ಲಿ ತಗ್ಗಿಸಿದರೆ ಈ ಕಾಡಿಗೆ ಅನುಕೂಲ ಅನ್ನುವುದು ಇನ್ನೊಂದು. ಕಟ್ಟಡದ ಯಂತ್ರ ನಿಲ್ಲಿಸಿದರೆ ಕಾಡಿಗೆ ಏನೇನೂ ವ್ಯತ್ಯಾಸವಿಲ್ಲ, ಆದರೆ ಕಾನೂನಿನ ಕೈಗೆ ಸುಲಭವಾಗಿ ಸಿಕ್ಕದ್ದು ಅದೇ. ಜೌಗಿನ ಪಕ್ಕದ ನಾಲ್ಕು ಕೊಟ್ಟಿಗೆ ಬೇರೆ ಕಡೆ ಹೋದರೆ ದೇಶದ ಲೆಕ್ಕದಲ್ಲಿ ಒಂದು ಚೂರೂ ಕಾಣುವುದಿಲ್ಲ, ಆದರೆ ಆ ಜೌಗಿಗೆ ಅದು ಬದುಕು.

ಹಳೆಯ ಬಾಕಿ

ಇನ್ನೊಂದು ಮೂಲ ಉಳಿದಿದೆ, ಯಾವ ಚಿತ್ರಪಟದಲ್ಲೂ ಅದರ ಪಾಲು ಹಾಕುವುದಿಲ್ಲ. ಅದು ಕಳೆದ ವರ್ಷಗಳು. ಐವತ್ತು ಅರವತ್ತು ವರ್ಷ ಬಿದ್ದ ಸಾರಜನಕ ಕಾಡಿನ ಮೇಲ್ಮಣ್ಣಿನಲ್ಲಿ, ಕೊಳೆಯುವ ಎಲೆಯಲ್ಲಿ ಕೂತಿದೆ. ನಾಳೆ ಬೆಳಿಗ್ಗೆ ಎಲ್ಲಾ ಕೊಟ್ಟಿಗೆ, ಎಲ್ಲಾ ಎಂಜಿನ್ ನಿಂತರೂ ಆ ಮಣ್ಣು ತನ್ನೊಳಗಿನದನ್ನು ಬಿಡುತ್ತಲೇ ಇರುತ್ತದೆ.

ಅದಕ್ಕೇ ಕುರುಚಲು ಬಯಲುಗಳಲ್ಲಿ ಯಂತ್ರ ತಂದು ಮೇಲಿನ ಪದರವನ್ನೇ ಕೆರೆದು ಸಾಗಿಸುತ್ತಾರೆ. ಸಾರಜನಕ ಹೋಗುತ್ತದೆ. ಆದರೆ ಅದರ ಜೊತೆ ಬೀಜವೂ ಹೋಗುತ್ತದೆ, ಅಳಿದುಳಿದ ಸುಣ್ಣವೂ ಹೋಗುತ್ತದೆ. ಹಾಗಾಗಿ ವೆಲುವೆಯ ಕೆಲವು ಕಡೆ ಈಗ ಕಲ್ಲಿನ ಪುಡಿ ತಂದು ಚೆಲ್ಲಿ ನೋಡುತ್ತಿದ್ದಾರೆ. ಕಲ್ಲು ನಿಧಾನವಾಗಿ ಕರಗಿ ಮಣ್ಣಿಗೆ ಸುಣ್ಣ ಸೇರಬೇಕು, ಬಸವನಹುಳು ಮರಳಿ ಬರಬೇಕು, ಆಮೇಲೆ ಚೇಕಡಿಯ ಸರದಿ. ಗೊಬ್ಬರ ಸಾಕಾಗಿಹೋದ ಕಾಡಿಗೆ ಈಗ ಕಲ್ಲಿನ ಪುಡಿಯನ್ನು ಮನುಷ್ಯರೇ ಹೊತ್ತು ಹಾಕುತ್ತಿದ್ದಾರೆ.